ಹೇಮಂತ ಮಾಸ್ತರರು ಹಾಲು ಉಕ್ಕಿಸಿದ್ದು

ಹಾಲು ಉಕ್ಕಿದ್ದಂತೂ ಖರೆ. ಅದನ್ನು ಹೇಮಂತ ಮಾಸ್ತರರು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಆದರೆ ಹಾಲು ಉಕ್ಕುವುದು ಬೇರೆ, ಉಕ್ಕಿಸುವುದು ಬೇರೆ ಎಂಬ ಸಣ್ಣ ವ್ಯತ್ಯಾಸವನ್ನು ಸಾಲುಮನೆಗಳ ಇಡೀ ಚಾಳಿಗೆ ತಿಳಿಸಿ ಹೇಳಲು ಹೋಗಿ ಆ ರವಿವಾರ ಅವರು ಪಟ್ಟ ಪಾಡು ವೈರಿಗೂ ಬೇಡ.

ಆದದ್ದಿಷ್ಟು. ಮುಂಜಾನೆ ಅವರ ಹೆಂಡತಿ ಶೈಲಾ ಒಲೆಯ ಮೇಲೆ ಹಾಲಿಟ್ಟು ಕೊಡ ಎತ್ತಿಕೊಂಡಳು.

"ರೀ, ನಳಾ ಬಂದೈತಿ. ನಾ ನೀರ ಹಿಡಕೊಂಡ ಬರ್ತೀನಿ. ಹಾಲಿನ ಕಡೆ ಲಕ್ಷ್ಯ ಇಡ್ರಿ."

ನವಲಗುಂದದ ಹೊಸ ಪ್ಲಾಟಿನಲ್ಲಿ ನಳ ಬಂತೆಂದರೆ ಮದುವೆ ಮನೆಯ ಅಕ್ಷತೆಯೂ ಒಂದು ಗಳಿಗೆ ಕಾಯಬೇಕು. ಶೈಲಾ ಓಡಿದಳು. ಮಾಸ್ತರರು ಹಾಲಿನ ಮುಂದೆ ಸಿಪಾಯಿಯಂತೆ ನಿಂತರು. ಎಷ್ಟು ಹೊತ್ತು ನಿಂತರೂ ಹಾಲು ಮಿಸುಕಲಿಲ್ಲ. ಪೇಪರಿನಲ್ಲಿ ಬಂದ ಒಂದು ಗಣಿತದ ಒಗಟಿನ ಮೇಲೆ ಹೀಗೆ ಕಣ್ಣಾಡಿಸಿ ಹಾಗೆ ತಿರುಗುವಷ್ಟರಲ್ಲಿ ಹಾಲು ಪಾತ್ರೆ ಬಿಟ್ಟು, ಒಲೆ ಬಿಟ್ಟು, ಕಟ್ಟೆಯಿಂದ ಕೆಳಗಿಳಿದು ಅವರ ಪಾದ ತೊಳೆಯುತ್ತಿತ್ತು.

ಶೈಲಾ ಬಂದು ನೋಡಿದಳು, ಬಯ್ಯಬೇಕಾದಷ್ಟು ಬಯ್ದಳು. ಆಮೇಲೂ ಸಮಾಧಾನವಾಗದೆ ಹಿತ್ತಲಲ್ಲಿ ನಿಂತು ಕುಂದಗೋಳದಲ್ಲಿದ್ದ ತಂಗಿ ಅರುಣಾಗೆ ಫೋನು ಹಚ್ಚಿದಳು.

"ಅರುಣಾ, ಇವತ್ತ ನಿಮ್ಮ ಭಾವಾರು ಹಾಲ ಉಕ್ಕಿಸ್ಯಾರ ನೋಡವಾ! ಹೂಂ, ಅಗದಿ ಜೋರಿಲೆ! ಯಾರಿಗೂ ಹೇಳಿಲ್ಲ, ಕರದಿಲ್ಲ, ಒಬ್ಬರ ನಿಂತು ಉಕ್ಕಿಸ್ಯಾರ!"

ಅತ್ತ ಅರುಣಾ ಬಿದ್ದು ಬಿದ್ದು ನಕ್ಕಳು. ಇತ್ತ ಗೋಡೆಯಾಚೆ ಸೀರೆ ಒಣಹಾಕುತ್ತಿದ್ದ ಬಾಜು ಮನೆಯ ರೇವವ್ವ ನಗಲಿಲ್ಲ. ಹಿಂಡಿದ ಸೀರೆಯನ್ನು ಮತ್ತೆ ಬಕೆಟ್ಟಿಗೆ ಹಾಕಿದಳು. ಊರಿಗೆಲ್ಲ ಗೊತ್ತಿದ್ದ ಮಾತು: ಹಾಲು ಉಕ್ಕಿಸುವುದೆಂದರೆ ಹೊಸ ಮನೆ ಹೊಕ್ಕಂತೆ. ಹೊಸ ಮನೆ ಹೊಕ್ಕರೆಂದರೆ ಹಳೆಯದನ್ನು ಬಿಟ್ಟಂತೆ.

ಇಲ್ಲಿ ಒಂದು ಮಾತು ಹೇಳಬೇಕು. ಆ ಮನೆ ಬಿಡುವ ವಿಚಾರ ಹೇಮಂತ ಮಾಸ್ತರರ ಕನಸಿನಲ್ಲೂ ಇರಲಿಲ್ಲ. ಅಣ್ಣಿಗೇರಿ ರಸ್ತೆಗೆ, ಮೊನ್ನೆ ಮೊನ್ನೆಯವರೆಗೆ ಹತ್ತಿ ಬೆಳೆಯುತ್ತಿದ್ದ ಹೊಲದಲ್ಲಿ ದಾವೂದಸಾಬರು ಸಾಲಾಗಿ ನಾಲ್ಕು ಮನೆ ಕಟ್ಟಿಸಿದ್ದರು. ಒಂದರಲ್ಲಿ ತಾವು, ಉಳಿದವುಗಳಲ್ಲಿ ಬಾಡಿಗೆಯವರು: ಮಾಸ್ತರರು, ರೇವವ್ವ, ಗೂಡ್ಸ್ ಗಾಡಿ ಓಡಿಸುವ ಫಯಾಜ್. ಸಂಜೆಯಾದರೆ ಹೊಲದ ಮೇಲಿಂದ ತಣ್ಣನೆ ಗಾಳಿ. ರಂಜಾನಿಗೆ ದಾವೂದಸಾಬರ ಹೆಂಡತಿ ಮಲಿಕಾಬಿಯ ಮನೆಯಿಂದ ಸುರಕುಂಬಾ ಎಂಬ ಶಾವಿಗೆ ಪಾಯಸ, ನಡುನಡುವೆ ರೇವವ್ವನ ಎಣ್ಣೆಗಾಯಿ. ತಿರ್ಲಾಪುರದ ಶಾಲೆಗೆ ಬೈಕಿನ ಮೇಲೆ ಹೋಗಿ ಬಂದು ಆ ಕಟ್ಟೆಯ ಮೇಲೆ ಕುಳಿತರೆ ಮಾಸ್ತರರಿಗೆ ಸ್ವರ್ಗವೂ ಬೇಡ.

ಕೊರತೆಯೆಂದರೆ ಒಂದೇ, ಹಿತ್ತಲಿನ ಬಚ್ಚಲ ಬಾಗಿಲು. ಕಪ್ಪು ಎರೆ ಮಣ್ಣಿನ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಅದರ ಮೇಲಿನ ಬಾಗಿಲು ಮಾತ್ರ ಯಾವ ಕಾಲದಲ್ಲೂ ಕೂಡುವುದಿಲ್ಲ. ಚಿಲಕ ಒಂದು ಕಡೆ, ಅದರ ತೂತು ಇನ್ನೊಂದು ಕಡೆ. ಬಾಜು ರೇವವ್ವನ ಬಚ್ಚಲಿನದೂ ಇದೇ ಕಥೆ. ಮಾಸ್ತರರು ಬೇಸಿಗೆಯಲ್ಲಿ ಕೇಳಿದರೆ ದಾವೂದಸಾಬರು, "ಎರಿ ಬಿರದೈತ್ರಿ, ಮಳಿ ಆಗ್ಲಿ, ತಾನ ಕೂಡತೈತಿ" ಎನ್ನುತ್ತಿದ್ದರು. ಮಳೆಗಾಲದಲ್ಲಿ ಕೇಳಿದರೆ, "ಎರಿ ಉಬ್ಬೈತ್ರಿ, ಬ್ಯಾಸಗಿ ಬರ್ಲಿ, ತಾನ ಕುಂದರ್ತೈತಿ" ಎನ್ನುತ್ತಿದ್ದರು. ಒಳಗೆ ಜನ ಇದ್ದಾರೆಂದು ಹೊರಗಿನವರಿಗೆ ತಿಳಿಯಬೇಕಲ್ಲ? ಹಾಡಲು ಬಾರದ ಮಾಸ್ತರರು ಜಳಕ ಮುಗಿಯುವವರೆಗೆ ದೊಡ್ಡ ದನಿಯಲ್ಲಿ ಹದಿನೇಳರ ಮಗ್ಗಿ ಹೇಳುತ್ತಿದ್ದರು. ಹಿತ್ತಲಲ್ಲಿ ಬಟ್ಟೆ ಒಗೆಯುವ ರೇವವ್ವನಿಗೆ ಶಾಲೆಯ ಮುಖ ನೋಡದೆಯೇ ಆ ಮಗ್ಗಿ ಬಾಯಿಗೆ ಬಂದಿತ್ತು.

ಅಂಥ ರೇವವ್ವ ಈಗ ಮುಖ ಸಣ್ಣದು ಮಾಡಿಕೊಂಡು ಬಾಗಿಲಿಗೆ ಬಂದಳು. ಶೈಲಾ ಆಗಲೇ ಮಲಿಕಾಬಿಯ ಮನೆಗೆ ಶಾವಿಗೆ ಮಾಡಲು ಹೋಗಿದ್ದಳು.

"ಮಾಸ್ತರ್ರ, ಹಾಲ ಉಕ್ಕಿಸಿದ್ರಂತ?"

ಹೆಂಡತಿ ತನ್ನ ಕೀರ್ತಿಯನ್ನು ಇಷ್ಟು ಲಗೂನೆ ಹಬ್ಬಿಸಿದಳಲ್ಲ ಎಂದು ಮಾಸ್ತರರಿಗೆ ನಾಚಿಕೆಯಾಯಿತು. "ಹೌದ್ರಿ ಯಕ್ಕಾರ, ಉಕ್ಕಿಸಿಬಿಟ್ನಿ."

"ನಮಗೊಂದ ಮಾತ ಹೇಳಲಿಲ್ಲಲ್ರಿ?"

"ಅದರಾಗ ಹೇಳೂದೇನೈತ್ರಿ? ನನಗ ಗೊತ್ತಾಗೂದ್ರಾಗ ಎಲ್ಲಾ ಮುಗದ ಹೋಗಿತ್ತು."

"ಅಷ್ಟ ಗಡಿಬಿಡಿಯೊಳಗ ಮಾಡಿದ್ರಿ? ಹೋಗ್ಲಿ, ಯಾವ ದಿಕ್ಕಿಗೆ ಉಕ್ತು?"

ಮಾಸ್ತರಿಕೆಯ ಚಾಳಿ ನೋಡಿ, ಪ್ರಶ್ನೆ ಯಾವುದೇ ಇರಲಿ, ಉತ್ತರ ಸರಿಯಾಗಿರಬೇಕು. ಅವರು ಒಳಗೆ ಹೋಗಿ, ಒಲೆಯ ಮುಂದೆ ನಿಂತು, ಕಿಟಕಿಯ ಬಿಸಿಲು ನೋಡಿ ಬಂದು ಹೇಳಿದರು, "ಮೂಡಣ ದಿಕ್ಕಿಗ್ರಿ."

ರೇವವ್ವ ಕೈ ಮುಗಿದಳು. "ಮೂಡಣಕ್ಕ ಉಕ್ಕಿದ್ರ ಭಾಳ ಚಲೋರಿ. ಇನ್ನ ನಿಮಗ ಯಾವುದಕ್ಕೂ ಕಡಿಮಿ ಇಲ್ಲ." ಹಾಗೆನ್ನುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟುಹೋದಳು. ಚೆಲ್ಲಿದ ಹಾಲಿಗಾಗಿ ಇಷ್ಟು ಮರುಗುವ ಮಂದಿ ಇನ್ನೆಲ್ಲಿ ಸಿಗುತ್ತಾರೆ ಎಂದು ಮಾಸ್ತರರ ಹೃದಯ ತುಂಬಿ ಬಂತು.

ಸ್ವಲ್ಪ ಹೊತ್ತಿಗೆ ಫಯಾಜ್ ಬಂದ. "ಸರ್ರ, ಸಾಮಾನ ಒಯ್ಯಾಕ ಬ್ಯಾರೇ ಗಾಡಿ ಹೇಳಿದ್ರಿ ಅಂದ್ರ ನನ್ನ ಮಾರಿ ನೋಡಬ್ಯಾಡ್ರಿ, ಹೇಳಿಬಿಟ್ಟೀನಿ."

"ಯಾ ಸಾಮಾನೋ?"

"ಮನೀ ಸಾಮಾನ್ರಿ. ಹೊಸಾ ಮನ್ಯಾಗ ಹಾಲ ಉಕ್ಕಿಸೀರಂತಲ್ಲ? ರೇವಕ್ಕ ಹೇಳಿದ್ಲು."

ಮಾಸ್ತರರಿಗೆ ಆಗ ಬೆಳಕು ಹರಿಯಿತು. "ಎಪ್ಪಾ ಮಾರಾಯಾ, ಹೊಸಾ ಮನಿ ಎಲ್ಲೀದೋ? ಹಾಲ ಉಕ್ಕಿದ್ದು ಇದ ಒಲಿ ಮ್ಯಾಲ! ಪೇಪರ ಓದಕೋತ ನಿಂತಿದ್ನಿ, ಉಕ್ಕಿ ಹೋತು!"

ಫಯಾಜ್ ಒಂದು ಕಣ್ಣು ಮುಚ್ಚಿ ನಕ್ಕ. "ಇರ್ಲಿ ಬಿಡ್ರಿ ಸರ್ರ. ಮಂದಿ ಕಣ್ಣ ಭಾಳ ಕೆಟ್ಟ. ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ."

ಅವನು ಬಾಯಿ ಬಿಡಲಿಲ್ಲ, ಮೂಲೆಯ ಚಹಾದಂಗಡಿ ಬರುವವರೆಗೆ. ಮಧ್ಯಾಹ್ನದ ಹೊತ್ತಿಗೆ ಮಾಸ್ತರರ ಹೊಸ ಮನೆ ಕೆಲವರ ಬಾಯಲ್ಲಿ ಹುಬ್ಬಳ್ಳಿಯಲ್ಲಿತ್ತು, ಕೆಲವರ ಬಾಯಲ್ಲಿ ಧಾರವಾಡದಲ್ಲಿ. ಎರಡೂ ಕಡೆ ಅದಕ್ಕೆ ಮಾಳಿಗೆ ಎದ್ದಿತ್ತು.

ಊಟಕ್ಕೆ ಕೂಡಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಹೊಸ ಮುಖಗಳು. ಶಲವಡಿಯ ಅಂದಾನೆಪ್ಪ ಮತ್ತು ಅವನ ತಾಯಿ ದುಂಡವ್ವ. ಮಕ್ಕಳ ಶಾಲೆಗಾಗಿ ಊರಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದವರಿಗೆ ಚಹಾದಂಗಡಿಯಲ್ಲಿ ಸುದ್ದಿ ಸಿಕ್ಕಿತ್ತು. ಮಾಸ್ತರರು ಬಾಯಿ ತೆರೆಯುವ ಮೊದಲೇ ದುಂಡವ್ವ ಒಳಗೆ ಬಂದು, ಅವರ ಮಂಚದ ಪಕ್ಕ ಕುಳಿತು, ಮೊಳಕೈಯಿಂದ ನೆಲ ಅಳೆಯತೊಡಗಿದಳು.

"ಅಂದಾನಿ, ಈ ಮಂಚಾ ಹೋದ್ರ ನನ್ನ ಬೀಸುಕಲ್ಲ ಇಲ್ಲೇ ಕುಂದರ್ತೈತಿ ನೋಡು."

ಇವರನ್ನು ಓಡಿಸಲು ಮಾಸ್ತರರಿಗೆ ಒಂದೇ ಉಪಾಯ ಹೊಳೆಯಿತು. "ಯವ್ವಾ, ಈ ಮನಿ ಭಾಳ ಕೆಟ್ಟ. ಗ್ವಾಡಿ ಬಿರೀತಾವ. ನಳಾ ಬಂದ್ರ ಬಂತು, ಇಲ್ಲಂದ್ರ ಇಲ್ಲ. ಬಚ್ಚಲ ಬಾಗಲಾ ಕೂಡೂದಿಲ್ಲ, ಒಳಗ ಕುಂತು ಮಗ್ಗಿ ಹೇಳಬೇಕು."

"ನನಗ ಮಗ್ಗಿ ಬರೂದಿಲ್ಲಪಾ."

"ಹಂಗಾದ್ರ ಈ ಮನಿ ನಿಮಗಲ್ರಿ."

ದುಂಡವ್ವ ಅವರನ್ನು ಕನಿಕರದಿಂದ ನೋಡಿದಳು. "ಇಂಥಾ ಮನ್ಯಾಗ ಹೆಂಗ ದಿನಾ ತಗದಿಯೋ ತಮ್ಮಾ? ಪುಣ್ಯಾ ಮಾಡಿದ್ದಿ, ಬಿಟ್ಟ ಪಾರಾದಿ."

"ನಾ ಎಲ್ಲಿ ಬಿಟ್ನಿರಿ? ನಾ ಈ ಮನಿ ಬಿಡೂದಿಲ್ರಿ!"

ದುಂಡವ್ವ ಮಗನ ಕಡೆ ತಿರುಗಿ ದನಿ ತಗ್ಗಿಸಿದಳು. "ಬಿಸಲ ತಲಿಗೇರೇತಿ ಅಂತ ಕಾಣತೈತಿ. ನಡಿ, ಮಾಲಕರನ್ನ ಕಂಡ ಹೋಗೂಣು."

ಮಾಲಕರು! ದಾವೂದಸಾಬರು ಇವರಿಗೆ ಮಾತು ಕೊಟ್ಟುಬಿಟ್ಟರೆ? ತಣ್ಣನೆ ಗಾಳಿ ಹೋಯಿತು, ಕಟ್ಟೆ ಹೋಯಿತು, ಸುರಕುಂಬಾ ಹೋಯಿತು. ಮಾಸ್ತರರು ಊಟದ ತಾಟು ಅಲ್ಲೇ ಬಿಟ್ಟು, ತಾಯಿ-ಮಗನಿಗಿಂತ ಮುಂದಾಗಿ ಮಾಲಕರ ಮನೆಗೆ ಓಡಿದರು.

ಅಲ್ಲಿ ಪಡಸಾಲೆಯ ತುಂಬ ಶಾವಿಗೆ ಹರಡಿತ್ತು. ಮಲಿಕಾಬಿ ತಲೆ ಎತ್ತದೆ, "ಅವರು ಊರಾಗ ಹೋಗ್ಯಾರ್ರಿ. ನಿಮ್ಮ ಮನೀ ಕೆಲಸಕ್ಕ" ಎಂದಳು. ದನಿಯಲ್ಲಿ ಅಳು ಇತ್ತೋ ಸಿಟ್ಟು ಇತ್ತೋ ತಿಳಿಯಲಿಲ್ಲ.

"ಚಾಚಿ, ನಾವು ಮನಿ ಬಿಡೂದಿಲ್ರಿ, ಹಾಲು ಅಂದ್ರ..."

ಮಲಿಕಾಬಿಯ ಹಿಂದೆ ಕುಳಿತಿದ್ದ ಶೈಲಾ ಗಂಡನ ಕಡೆ ನೋಡಿ ಒಂದು ಕಣ್ಣು ಮಿಟುಕಿಸಿದಳು. ಮತ್ತೆ ಮಿಟುಕಿಸಿದಳು. ಕಣ್ಣಿಗೆ ಹಿಟ್ಟು ಹಾರಿರಬೇಕೆಂದುಕೊಂಡು ಮಾಸ್ತರರು, "ಕಣ್ಣ ತೊಳಕೋ ಹೋಗು" ಎಂದರು. ಅವಳು ಹಣೆ ಚಚ್ಚಿಕೊಂಡಳು. ಮಲಿಕಾಬಿ ಅಷ್ಟರಲ್ಲಿ ಎದ್ದು ಒಳಗೆ ಹೋಗಿದ್ದಳು. ಹಿಂದೆಯೇ ಬಂದ ದುಂಡವ್ವ ಮತ್ತು ಅಂದಾನೆಪ್ಪ ಮಾಲಕರನ್ನು ಊರಲ್ಲೇ ಹುಡುಕುತ್ತೇವೆಂದು ಹೊರಟುಹೋದರು.

ಸಂಜೆಯವರೆಗೆ ಮಾಸ್ತರರು ಕಟ್ಟೆಯ ಮೇಲೆ ಕುಳಿತು ದಾರಿ ಕಾದರು. ಕೊನೆಗೆ ಫಯಾಜ್‌ನ ಗಾಡಿ ಬಂತು. ಮುಂದೆ ದಾವೂದಸಾಬರು, ಹಿಂದೆ ತಾಡಪತ್ರಿ ಮುಚ್ಚಿದ ದೊಡ್ಡ ಸಾಮಾನು, ಅದನ್ನು ಹಿಡಿದುಕೊಂಡ ಒಬ್ಬ ಅಪರಿಚಿತ. ಗಾಡಿ ನೆಟ್ಟಗೆ ಮಾಸ್ತರರ ಬಾಗಿಲಿಗೇ ನಿಂತಿತು. ಬಂತು, ಹೊಸ ಬಾಡಿಗೆಯವರ ಸಾಮಾನು ಬಂದೇಬಿಟ್ಟಿತು! ಮಾಸ್ತರರು ಜಿಗಿದು ಬಾಗಿಲಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತರು. ರೇವವ್ವ ಬಂದಳು, ಶಾವಿಗೆ ಬಿಟ್ಟು ಮಲಿಕಾಬಿ ಮತ್ತು ಶೈಲಾ ಬಂದರು.

"ಮಾಸ್ತರ್ರ, ನಾ ಹೇಳೂದ ಸ್ವಲ್ಪ ಕೇಳ್ರಿ..." ಎಂದರು ದಾವೂದಸಾಬರು.

"ನೀವೇನೂ ಹೇಳಬ್ಯಾಡ್ರಿ ಚಾಚಾ! ಇವತ್ತ ನಾ ಹೇಳ್ತೀನಿ, ಎಲ್ಲಾರೂ ಕೇಳ್ರಿ. ನನಗ ಹೊಸಾ ಮನಿ ಇಲ್ಲ. ನನಗ ಬೇಕಾಗಿನೂ ಇಲ್ಲ. ಹಾಲ ಇಲ್ಲೇ, ಇದ ಒಲಿ ಮ್ಯಾಲ, ನನ್ನ ಗೈರಲಕ್ಷ್ಯದಿಂದ ಉಕ್ಕಿದ್ದು!"

ಶೈಲಾ ಕೆಮ್ಮಿದಳು.

"ಗ್ವಾಡಿ ಬಿರೀಲಿ! ಮಾಳಿಗಿ ಸೋರ್ಲಿ!"

ಶೈಲಾ ಇನ್ನೂ ಜೋರಾಗಿ ಕೆಮ್ಮಿದಳು.

"ಯಾರರ ಆಕಿಗೆ ನೀರ ಕೊಡ್ರಿ. ಬಚ್ಚಲ ಬಾಗಲಾ ಪೂರಾ ಕಿತ್ತ ಬೀಳ್ಲಿ ಚಾಚಾ, ನನಗ ಎಳ್ಳಷ್ಟೂ ತ್ರಾಸಿಲ್ಲ! ಮಗ್ಗಿ ಹೇಳದ ಜಳಕಾ ಮಾಡಿದ್ರ ನನಗ ಜಳಕಾ ಮಾಡಿದಂಗ ಅನಸೂದಿಲ್ಲ. ಹೊರಗ ಹಾಕಿದ್ರೂ ನಾ ಈ ಚಾಳ ಬಿಟ್ಟ ಹೋಗಾವಲ್ಲ!"

ದಾವೂದಸಾಬರ ಕಣ್ಣು ತುಂಬಿದವು. ಅವರು ಬಂದು ಮಾಸ್ತರರನ್ನು ಬಿಗಿದಪ್ಪಿಕೊಂಡರು.

"ಅರೆ ಮಾಸ್ತರ್ರ, ನನ್ನ ಎದಿ ಮ್ಯಾಲಿನ ಕಲ್ಲ ಇಳಿಸಿದ್ರಿ! ನೀವು ಹೊಂಟೀರಿ ಅಂತ ರೇವಕ್ಕ ಬಂದ ಹೇಳಿದ್ಲು. ನಮ್ಮಾಕಿ ಅಳಾಕ ಹತ್ತಿದ್ಲು. 'ಮನ್ಯಾಗ ಏನ ಕಡಿಮಿ ಆತವಾ' ಅಂತ ಶೈಲಾಬಾಯಾರ್ನ ಕೇಳಿದ್ರ, 'ಬಚ್ಚಲ ಬಾಗಲಾ ಒಂದ ಸರಿ ಇದ್ದಿದ್ರ ಯಾರ ಬಿಟ್ಟ ಹೋಗ್ತಿದ್ರು ಚಾಚಿ' ಅಂದ್ರು. ಎದ್ದ ಓಡಿದೆ ನೋಡ್ರಿ. ರವಿವಾರ ದಿನಾ ಬಡಗ್ಯಾನ್ನ ನಿದ್ದಿಯಿಂದ ಎಬ್ಬಿಸಿ, ಚೌಕಟ್ಟಿನ ಸಮೇತ ಹೊಸಾ ಬಾಗಲಾ ತಂದೀನಿ."

ಬಡಗಿ ತಾಡಪತ್ರಿ ಸರಿಸಿದ. ಹೊಚ್ಚ ಹೊಸ ಬಾಗಿಲು. ಅದರ ಮೇಲೆ ಬಿಳಿ ಚಿಲಕ ಸಂಜೆಯ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಮಾಸ್ತರರು ಹೆಂಡತಿಯ ಮುಖ ನೋಡಿದರು. ಅವಳ ಕೆಮ್ಮು ಪೂರಾ ವಾಸಿಯಾಗಿತ್ತು.

"ಆದ್ರ ನಿಮಗ ತ್ರಾಸ ಇಲ್ಲಂದ ಮ್ಯಾಲ ಇದು ಯಾಕ್ರಿ? ವಾಪಸ್ ಕೊಟ್ಟ ಬರ್ತೀನಿ" ಎಂದರು ದಾವೂದಸಾಬರು.

"ಅಲ್ರಿ ಚಾಚಾ... ತಂದದ್ದಂತೂ ತಂದೀರಿ..."

"ಛೇ ಛೇ! ನಿಮ್ಮ ಮಗ್ಗಿ ತಪ್ಪಿಸಿದ ಪಾಪ ನನಗ ಬ್ಯಾಡ."

ಫಯಾಜ್ ಗಾಡಿ ಚಾಲೂ ಮಾಡಿದ. ಆಗ ರೇವವ್ವ ಮೆಲ್ಲಗೆ ಮುಂದೆ ಬಂದಳು. ಸೆರಗು ಸರಿಮಾಡಿಕೊಂಡು, ಮುಗಿಲ ಕಡೆ ನೋಡುತ್ತ ಹೇಳಿದಳು, "ದಾವೂದಣ್ಣ, ನಾಳೆ ಮುಂಜಾನೆ ನಾನೂ ಹಾಲ ಉಕ್ಕಿಸಬೇಕಂತ ಮಾಡೀನಿ."

ಫಯಾಜ್ ಗಾಡಿಯಿಂದ ತಲೆ ಹೊರಹಾಕಿ ನೋಡಿದ.

"ಮೂಡಣ ದಿಕ್ಕಿಗೆ" ಎಂದು ಸೇರಿಸಿದಳು.

ದಾವೂದಸಾಬರು ಅವಳನ್ನು ನೋಡಿದರು, ಬಾಗಿಲನ್ನು ನೋಡಿದರು, ಮತ್ತೆ ಅಳುವ ತಯಾರಿಯಲ್ಲಿದ್ದ ಮಲಿಕಾಬಿಯನ್ನು ನೋಡಿದರು. "ಗಾಡಿ ಬಂದ್ ಮಾಡೋ ಫಯಾಜ್. ಬಾಗಲಾ ಇಳಸು. ರೇವಕ್ಕನ ಬಚ್ಚಲಕ್ಕ ಹಚ್ಚೂಣು."

ಅವತ್ತು ಸಂಜೆ ಬಾಜು ಹಿತ್ತಲಿನಿಂದ ಮೊಳೆ ಬಡಿಯುವ ಸದ್ದು ಕೇಳುತ್ತಿತ್ತು. ಪ್ರತಿ ಏಟಿಗೂ ಶೈಲಾಳ ಸಿಟ್ಟು ಏರುತ್ತಿತ್ತು. ಆಮೇಲೆ ಒಮ್ಮೆಲೇ ಸಿಡಿದಳು.

"ಕಣ್ಣ ಹೊಡದ್ನಿ, ಕೆಮ್ಮಿದ್ನಿ. ಇನ್ನೇನ ಡಂಗರಾ ಹೊಡಸಬೇಕಿತ್ತೇನ್ರಿ?"

"ನಾ ಹಿಟ್ಟ ಹಾರೇತಿ ಅಂದ್ಕೊಂಡ್ನಿ" ಎಂದರು ಮಾಸ್ತರರು ಸಣ್ಣ ಮುಖ ಮಾಡಿ. ಅದನ್ನು ಕೇಳಿ ಅವಳಿಗೆ ನಗೆ ತಡೆಯಲಾಗಲಿಲ್ಲ. ಅಷ್ಟರಲ್ಲಿ ಮಲಿಕಾಬಿ ಹೊಸ ಶಾವಿಗೆಯ ಪಾಯಸ ತಂದಿಟ್ಟಳು. ಹೊಲದ ಕಡೆಯಿಂದ ತಣ್ಣನೆ ಗಾಳಿ ಬಂತು. ಕಟ್ಟೆಯ ಮೇಲೆ ಕುಳಿತು ಎರಡನೇ ಸಲ ಬಡಿಸಿಕೊಳ್ಳುವಾಗ ಮಾಸ್ತರರಿಗೆ, ಬಾಗಿಲು ಹೋದರೆ ಹೋಗಲಿ, ಮನೆ ಉಳಿಯಿತಲ್ಲ ಎನಿಸಿತು.

ಮರುದಿನ ಮುಂಜಾನೆ ಎಂದಿನಂತೆ ಬಚ್ಚಲಿನಿಂದ ಮಗ್ಗಿ ಕೇಳಿಬಂತು. "ಹದಿನೇಳ ಆರ್ಲೆ ನೂರಾ ಎರಡು... ಹದಿನೇಳ ಏಳ್ಲೆ ನೂರಾ ಹತ್ತೊಂಬತ್ತು... ಹದಿನೇಳ ಎಂಟ್ಲೆ..." ಆ ಫಳಫಳ ಚಿಲಕ ಕಣ್ಣ ಮುಂದೆ ಬಂದು ಮಾಸ್ತರರಿಗೆ ಲೆಕ್ಕ ತಪ್ಪಿತು. "ಹದಿನೇಳ ಎಂಟ್ಲೆ..."

"ನೂರಾ ಮೂವತ್ತಾರ್ರಿ ಮಾಸ್ತರ್ರ!" ಎಂದು ಬಾಜು ಬಚ್ಚಲಿನಿಂದ ರೇವವ್ವ ಕೂಗಿದಳು. ಅದರ ಹಿಂದೆಯೇ ಹೊಸ ಚಿಲಕ ಟಕ್ಕೆಂದು ಬಿದ್ದ ಸದ್ದು ಕೇಳಿಸಿತು.