ಇಲಿ ಕಂಡವನಿಗೆ ಗಂಧದ ಹಾರ

ಗುಂಡ್ಲುಪೇಟೆಯ ವಾಚನಾಲಯದಲ್ಲಿ ಇಲಿ ಸತ್ತು ಬಿದ್ದದ್ದನ್ನು ಮೊದಲು ಕಂಡವನು ಅಲ್ಲಿನ ಜವಾನ ಪುಟ್ಟಬಸಪ್ಪ. ಕಂಡದ್ದು ತಪ್ಪಲ್ಲ. ಕಂಡ ಕೂಡಲೇ ಪಂಚೆ ಎತ್ತಿ ಕಟ್ಟಿ ಬೀದಿಗೆ ಓಡಿ, "ಇಲಿ ಬಿತ್ತು! ಇಲಿ ಬಿತ್ತು!" ಎಂದು ಕೂಗಿದ್ದೂ ತಪ್ಪಲ್ಲ. ಪ್ಲೇಗಿನ ಕತೆ ಕೇಳಿ ಬೆಳೆದ ಊರಿನಲ್ಲಿ ಸತ್ತ ಇಲಿ ಕಂಡರೆ ಯಾರ ಕಾಲೂ ಅಪ್ಪಣೆಗೆ ಕಾಯುವುದಿಲ್ಲ. ಹೊತ್ತು ಮುಳುಗುವುದರೊಳಗೆ ಊರಿಗೆ ಊರೇ ಪಾತ್ರೆ, ಹಾಸಿಗೆ, ಕೋಳಿ, ಅಜ್ಜಿಯರನ್ನೆಲ್ಲ ಗಾಡಿಗೆ ಹೇರಿಕೊಂಡು ಊರಾಚೆಯ ಹೊಲಗಳಲ್ಲಿ ಶೆಡ್ಡು ಹಾಕಲು ಹೊರಟಿತು. ಹೆಲ್ತ್ ಇನ್ಸ್‌ಪೆಕ್ಟರು ಬಂದು ಇಲಿಗೆ ಸೀಮೆಎಣ್ಣೆ ಸುರಿದು ಸುಟ್ಟರು. ವಾಚನಾಲಯಕ್ಕೂ ನಾಟಕದ ಕೊಟ್ಟಿಗೆಗೂ ಬೀಗ ಬಿತ್ತು.

ತಪ್ಪಾದದ್ದು ಆಮೇಲೆ. ತೆರಕಣಾಂಬಿ ರಸ್ತೆಯಲ್ಲಿ ಗಾಡಿಯ ಹಿಂದೆ ನಡೆಯುತ್ತಿದ್ದಾಗ ಪುಟ್ಟಬಸಪ್ಪನಿಗೆ ಥಟ್ಟನೆ ನೆನಪಾಯಿತು. ಪುಸ್ತಕದ ರಟ್ಟಿನ ಅಂಟನ್ನು ಇಲಿಗಳು ತಿನ್ನುತ್ತಿವೆಯೆಂದು ಹಿಂದಿನ ಸಂಜೆ ಬೀರುವಿನ ಕೆಳಗೆ ಇಲಿಪಾಷಾಣದ ಉಂಡೆ ಇಟ್ಟವನು ತಾನೇ!

ನಾಳೆ ಹೇಳಿದರಾಯಿತು ಎಂದುಕೊಂಡ. ಆ ನಾಳೆ ಶೆಡ್ಡಿನಲ್ಲಿ ಚಳಿಗಾಲವನ್ನೆಲ್ಲ ನುಂಗಿತು.

ಈಗ ಊರು ಮರಳಿತ್ತು. ಇವತ್ತು ಸಂಜೆ ವಾಚನಾಲಯ ಮತ್ತೆ ತೆರೆಯುವುದಿತ್ತು. ಬೆಳಗ್ಗೆ ಪುಟ್ಟಬಸಪ್ಪ ಡಿ.ಡಿ.ಟಿ. ಪುಡಿ ಮೆತ್ತಿದ್ದ ಪುಸ್ತಕಗಳನ್ನು ಒರೆಸುತ್ತಿದ್ದಾಗ ಗುರುಪಾದಸ್ವಾಮಿ ಬಂದ. ಪೇಟೆಬೀದಿಯಲ್ಲಿ ಅವನದು ದಿನಸಿ ಅಂಗಡಿ. ವಾಚನಾಲಯದ ಸಮಿತಿಗೂ ಅವನೇ ಅಧ್ಯಕ್ಷ. ಊರಿನ ಯಾವ ವಿಷಯಕ್ಕೂ ಮೂಗು ತೂರಿಸದೆ ಬಿಟ್ಟವನಲ್ಲ.

"ಸಂಜೆ ಒಗೆದ ಬಟ್ಟೆ ಆಕ್ಕಂಡು ಬಾ ಕಣ್ಲಾ. ನಿಂಗೆ ಹಾರ ಆಕ್ತೀವಿ."

"ನಂಗಾ? ಯಾಕೆ ಯಜಮಾನ್ರೆ?"

"ಯಾಕೆ ಅಂದ್ರೆ? ಅವತ್ತು ನೀ ಕೂಗ್ದೆ ಇದ್ದಿದ್ರೆ ಊರು ಉಳೀತಿತ್ತಾ? ಒಂದು ಹೆಣ ಬೀಳ್ನಿಲ್ಲ ಕಣ್ಲಾ!"

ಪುಟ್ಟಬಸಪ್ಪ ಒರೆಸುವ ಬಟ್ಟೆಯನ್ನು ಕೆಳಗಿಟ್ಟ. ರೋಗವೇ ಇಲ್ಲದ ಊರಿನಲ್ಲಿ ಹೆಣ ಹೇಗೆ ಬೀಳುತ್ತದೆ?

"ಹಾರ ಬ್ಯಾಡ ಯಜಮಾನ್ರೆ. ಹೂವಿನ ವಾಸ್ನೆ ನಂಗಾಗಲ್ಲ, ಸೀನು ಬತ್ತದೆ."

"ಅಷ್ಟೇಯಾ? ಗಂಧದ ಹಾರ ತರಿಸ್ತೀನಿ ಬುಡು. ಮೈಸೂರು ಬಸ್ಸಿನ ಡ್ರೈವರ್‌ಗೆ ಏಳ್ತೀನಿ, ಸಂಜೆಗೆ ತತ್ತಾನೆ."

ಬೇಡವೆಂದದ್ದಕ್ಕೆ ಮರ್ಯಾದೆ ಇನ್ನೂ ದೊಡ್ಡದಾಯಿತು. ಪುಟ್ಟಬಸಪ್ಪ ಮನೆಗೆ ಹೋದವನೇ ಕಂಬಳಿ ಹೊದ್ದು ಮಲಗಿಬಿಟ್ಟ. "ಮೈ ಸುಡ್ತಾದೆ ಕಣಮ್ಮಿ. ಸಂಜೆ ನಾ ಬರಾಕಿಲ್ಲ ಅಂತ ಯೋಳ್ಕಳ್ಸು" ಎಂದು ಹೆಂಡತಿಗೆ ಹೇಳಿದ.

ಪ್ಲೇಗು ಈಗಷ್ಟೇ ಬಿಟ್ಟ ಊರಿನಲ್ಲಿ ಆಡಬಾರದ ಮಾತದು. ಶಿವರುದ್ರಮ್ಮ ಎದೆ ಬಡಿದುಕೊಂಡು ಬೀದಿಗೆ ಓಡಿದಳು. ಮರುಗಳಿಗೆಯಲ್ಲಿ ಕೇರಿಯೆಲ್ಲ ಅಂಗಳದಲ್ಲಿತ್ತು. ಪಕ್ಕದ ಮನೆಯ ಮುದ್ದಯ್ಯ ಕಂಬಳಿ ಎಳೆದ.

"ಕಂಕುಳು ತೋರ್ಸ್ಲಾ! ಗಡ್ಡೆ ಎದ್ದದಾ ನೋಡನ!"

"ಮೊದ್ಲು ಗಾಡಿ ಕಟ್ರಪ್ಪೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ಎದುರು ಮನೆಯಿಂದ ಹಂಡೆ ಆಗಲೇ ಬೀದಿಗೆ ಬಂದಿತ್ತು.

ಇನ್ನೊಂದು ಸಲ ಊರು ಹೊರಟರೆ! ಪುಟ್ಟಬಸಪ್ಪ ಬೀದಿಗೆ ಜಿಗಿದು, ಪೊಲೀಸರಿಗೆ ಸಿಕ್ಕ ಕಳ್ಳನ ಹಾಗೆ ಎರಡು ಕೈಯನ್ನೂ ಮೇಲೆತ್ತಿ ನಿಂತ. ಬಂದ ಬಂದವರಿಗೆಲ್ಲ ಕಂಕುಳು ತೋರಿಸಿದ. "ಜ್ವರ ಇಲ್ಲ, ಏನೂ ಇಲ್ಲ! ಬತ್ತೀನಿ ಕಣ್ರಪ್ಪ, ಹಾರ ಆಕಿಸ್ಕತೀನಿ!"

ಜನ ನಗುತ್ತಾ ಚದುರಿದರು. ನಿಂತವರು ದರ್ಜಿ ಅಬ್ದುಲ್ ಸತ್ತಾರ್ ಸಾಬರು ಒಬ್ಬರೇ. ಅವರ ಕೈಯಲ್ಲಿ ಮಡಿಸಿದ ಹೊಸ ಶರ್ಟಿತ್ತು.

"ಹಾರ ಹಾಕೋವಾಗ ಹರಿದ ಶರ್ಟ್ ಬ್ಯಾಡ ಪುಟ್ಟಬಸಪ್ಪನೋರೆ. ಇದು ಇಟ್ಕೊಳಿ. ಅಳಿಯಂಗೆ ಅಂತ ತಂದಿದ್ದ ಬಟ್ಟೆ."

"ಅಳಿಯ?"

"ಬೇಗೂರಿನೋರು. ಪ್ಲೇಗು ಊರಿನ ಹೆಣ್ಣು ಬ್ಯಾಡ ಅಂದ್ಬುಟ್ರು. ಹುಡುಗಂಗೆ ಬೇರೆ ಕಡೆ ನಿಕಾ ಆಯ್ತು." ಸಾಬರು ನಗಲು ನೋಡಿದರು. "ಹೋಗ್ಲಿ ಬುಡಿ. ನನ್ನ ಮಗಳು ನಜೀಮಾ ಜೀವಂತ ಅವ್ಳಲ್ಲ, ಅದು ನಿಮ್ಮಿಂದ."

ಪುಟ್ಟಬಸಪ್ಪನಿಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಶೆಡ್ಡಿನ ಚಳಿ, ಅಜ್ಜಿಯರ ಕೆಮ್ಮು, ಮುಚ್ಚಿದ ಅಂಗಡಿ, ಇವನ್ನೆಲ್ಲ ಹೇಗೋ ನುಂಗಿಕೊಂಡಿದ್ದ. ಈ ಶರ್ಟು ಮಾತ್ರ ಗಂಟಲಲ್ಲೇ ಸಿಕ್ಕಿಕೊಂಡಿತು. ಕೈ ಚಾಚಿ ಇಸಿದುಕೊಂಡ. ತೊಟ್ಟುಕೊಂಡರೆ ಅಳತೆ ಕೊಟ್ಟು ಹೊಲಿಸಿದಷ್ಟು ಸರಿಯಾಗಿತ್ತು.

ಸಂಜೆ ವಾಚನಾಲಯದ ಜಗಲಿ ಕಿಕ್ಕಿರಿದಿತ್ತು. ಗುರುಪಾದಸ್ವಾಮಿ ಬಾಗಿಲಿಗೆ ಕಟ್ಟಿದ ಉದ್ಘಾಟನೆಯ ದಾರ ಬಿಚ್ಚಿ, ಪುಟ್ಟಬಸಪ್ಪನನ್ನು ಜಗಲಿಗೆ ಕಾಣುವಂತೆ ಬೀರುವಿನ ಮುಂದೆ ನಿಲ್ಲಿಸಿ ಗಂಧದ ಹಾರ ಎತ್ತಿದ. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಸತ್ತಾರ್ ಸಾಬರು.

ಅದನ್ನು ತಡೆದುಕೊಳ್ಳಲು ಪುಟ್ಟಬಸಪ್ಪನಿಂದ ಆಗಲಿಲ್ಲ.

"ನಿಲ್ಸಿ! ಆ ಇಲಿ ಪ್ಲೇಗಿಂದ ಸತ್ತಿದ್ದಲ್ಲ. ನಾನೇ ಪಾಷಾಣ ಇಕ್ಕಿದ್ದೆ. ಕೂಗಾದ್ಮೇಲೆ ನೆಪ್ಪಾಯ್ತು. ನಾಚ್ಕೆಯಾಗಿ ಬಾಯಿ ಮುಚ್ಕಂಡಿದ್ದೆ. ನಿಮ್ಮುನ್ನೆಲ್ಲ ಸುಮ್ಸುಮ್ನೆ ಚಳೀಲಿ ಮಲಗಿಸ್ಬುಟ್ಟೆ ಕಣ್ರಪ್ಪ, ಒಡೀರಿ ನನ್ನ!"

ಮುದ್ದಯ್ಯ ಚಪ್ಪಲಿಗಾಗಿ ಕಾಲು ತಡವಿದ. ಗುರುಪಾದಸ್ವಾಮಿ ಮಾತ್ರ ಎತ್ತಿದ ಹಾರವನ್ನು ಹಾಗೆಯೇ ಹಿಡಿದು ಕೇಳಿದ.

"ಪಾಷಾಣ ಎಲ್ಲಿ ತಂದಿದ್ದೆ?"

"ಇನ್ನೆಲ್ಲಿ, ನಿಮ್ಮ ಅಂಗಡೀಲೇ."

ಯಜಮಾನನ ಮುಖ ಹುಳ್ಳಗಾಯಿತು. ಸುತ್ತ ನೋಡಿದ, ಕೆಮ್ಮಿದ. "ನೋಡ್ರಪ್ಪ, ನಾನು ಲಿಂಗ ಕಟ್ಟಿದೋನು. ಜೀವ ತೆಗ್ಯೋ ಪಾಷಾಣ ಮಾರನಾ? ಕೇಳ್ದೋರಿಗೆಲ್ಲ ರಾಗಿ ಹಿಟ್ಗೆ ಬಟ್ಟೆ ನೀಲಿ ಬೆರೆಸಿ ಕೊಡ್ತಿದ್ದೆ. ಅದ ತಿಂದ ಇಲಿ ಕೊಬ್ತದೆ, ಸಾಯಾಕಿಲ್ಲ."

"ಅದ್ಕೇಯಾ ನಮ್ಮನೆ ಇಲಿ ಬೆಕ್ಕಿನ ಗಾತ್ರ ಆಗಿರದು!" ಎಂದು ಮುದ್ದಯ್ಯ ಚಪ್ಪಲಿ ಕೆಳಗಿಟ್ಟ. ಆಮೇಲೆ ಅವನಿಗೇ ಹೊಳೆಯಿತು. "ಹಂಗಾರೆ ಆ ಇಲಿ ಪ್ಲೇಗಿಂದ್ಲೇ ಸತ್ತಿರದು!"

ಪುಟ್ಟಬಸಪ್ಪ ತಲೆ ಎತ್ತಿದ. ಹಾಗಾದರೆ ಊರನ್ನು ಉಳಿಸಿದವನು ನಿಜವಾಗಿಯೂ ತಾನೇ! ಇಷ್ಟು ದಿನದ ಭಾರವೆಲ್ಲ ಒಮ್ಮೆಗೇ ಇಳಿದು, ಅವನ ಕುತ್ತಿಗೆ ತಾನಾಗಿ ಹಾರದ ಕಡೆ ಬಾಗಿತು.

ಹಾರ ಬರಲಿಲ್ಲ. ಸತ್ತಾರ್ ಸಾಬರು ಎದ್ದು ನಿಂತಿದ್ದರು.

"ಇಲಿ ನಿಜ, ಪ್ಲೇಗು ನಿಜ. ಆದ್ರೆ ಪುಟ್ಟಬಸಪ್ಪನೋರೆ, ಅದೆಲ್ಲ ಸುಳ್ಳು ಅಂತ ತಿಳ್ಕೊಂಡೇ ನೀವು ನನ್ನ ಮಗಳ ಮದುವೆ ಮುರಿಯೋವರ್ಗೂ ಬಾಯಿ ಮುಚ್ಕೊಂಡು ಕೂತಿದ್ರಾ?"

ಬಾಗಿದ ಕುತ್ತಿಗೆ ಮತ್ತೆ ಏಳಲಿಲ್ಲ. ಶರ್ಟಿನ ಗುಂಡಿ ಬಿಚ್ಚಲು ಹೋದ. "ಬ್ಯಾಡ, ನೀವೇ ಇಟ್ಕೊಳಿ" ಎಂದು ಸಾಬರು ಜಗಲಿ ಇಳಿದು ಹೋದರು. ಅವರ ಹಿಂದೆ ಜನ ಒಬ್ಬೊಬ್ಬರಾಗಿ ಎದ್ದರು.

ಕೈ ನೋಯುತ್ತಿದ್ದ ಗುರುಪಾದಸ್ವಾಮಿ, ಕೊಂಡು ತಂದ ಹಾರವನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಅತ್ತಿತ್ತ ನೋಡಿದ. "ಕೂಗ್ದೋನಿಗಿಂತ ಸತ್ತ ಇಲೀನೇ ವಾಸಿ" ಎಂದು, ಇಲಿ ಬಿದ್ದಿದ್ದ ಬೀರುವಿನ ಮೊಳೆಗೆ ಅದನ್ನು ತೂಗುಹಾಕಿದ.

ಅಂದಿನಿಂದ ವಾಚನಾಲಯಕ್ಕೆ ಹೊಸಬರು ಯಾರು ಬಂದರೂ ಮೂಗರಳಿಸಿ, "ಗಂಧದ ಹಾರ ಯಾರಿಗೆ ಹಾಕಿದ್ದು?" ಎಂದು ಕೇಳುತ್ತಾರೆ. ದಿನಾ ಬೆಳಗ್ಗೆ ಅದರ ದೂಳು ಹೊಡೆಯುವ ಪುಟ್ಟಬಸಪ್ಪ ತಲೆ ತಗ್ಗಿಸಿ ಉತ್ತರ ಹೇಳಬೇಕು. ಹೂವಿನ ಹಾರಕ್ಕೆ ಒಪ್ಪಿಕೊಂಡಿದ್ದರೆ ಅದು ಮಾರನೆಯ ದಿನವೇ ಬಾಡಿ ತಿಪ್ಪೆ ಸೇರುತ್ತಿತ್ತು.