ಗುಳಿಗೆ ಶೀಟಿನ ಬಂಗಡೆ

ನಮ್ಮ ಭಾವ ಕಳ್ಳರು. ಹೀಗೆ ಬರೆಯುತ್ತೇನೆಂದು ಅವರಿಗೇ ಹೇಳಿದೆ. "ಕಸ ತಗಂಡವ್ನಿಗೆ ಯಾರಾದ್ರೂ ಕಳ್ಳ ಹೇಳ್ತಾರನೇ?" ಎಂದು ನಕ್ಕರು. ಮಾತೇನೋ ನ್ಯಾಯವೇ. ಆದರೆ ವಸ್ತು ಕಸವಾಗುವ ತನಕ ಕಾಯುವ ತಾಳ್ಮೆ ಅವರಿಗಿಲ್ಲವಲ್ಲ!

ಹಾಲಿನ ಪ್ಯಾಕೆಟ್ಟನ್ನೇ ನೋಡಿ. ಒಂದು ಬೆಳಿಗ್ಗೆ ನಾನು ಬಾವಿಕಟ್ಟೆಯಿಂದ ಬರುವಷ್ಟರಲ್ಲಿ ಅದು ಮಾಯ. ಭಾವ ಜಗುಲಿಯಲ್ಲಿ ಕೂತು ಅದನ್ನು ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ.

"ಭಾವ, ಹಾಲೆಲ್ಲಿ?"

"ಒಳಗೆ ಪಾತ್ರೇಲಿ ಎಂತದೋ ಬಿಳೀದು ಇತ್ತು. ಅದರಲ್ಲೇ ಹೊಯ್ದೆ."

ಬಿಳಿಯದೆಂದರೆ ದೋಸೆ ಹಿಟ್ಟು! ಅಂದೇ ಕರ್ಕಿಯಿಂದ ನೆಂಟರು ಬರಬೇಕೆ? ಹೊಯ್ದೆ, ಬಡಿಸಿದೆ, ದೇವರನ್ನು ನೆನೆದೆ. ನೆಂಟರು ಮೂರನೆಯದಕ್ಕೆ ಕೈ ಚಾಚಿ, "ಇಷ್ಟು ಮೆತ್ತಗೆ ಹ್ಯಾಂಗೆ ಬಂತೆ?" ಎಂದರು. ಕೈಗುಣ ಎಂದೆ. ಯಾರ ಕೈ ಎಂದು ಹೇಳಲಿಲ್ಲ.

ಭಾವ ಎಂದರೆ ನನ್ನ ಗಂಡನ ಅಣ್ಣ. ನಾವೆಲ್ಲ ಹೊನ್ನಾವರದಲ್ಲಿ ಹೊಳೆಯ ಬದಿಗೆ ಒಂದೇ ಮನೆಯಲ್ಲಿ ಇರುವವರು. ಭಾವ ಬೋಟಿನಲ್ಲಿ ತಾಂಡೇಲರಾಗಿದ್ದರು, ಅಂದರೆ ಬೋಟು ಎತ್ತ ಹೋಗಬೇಕು, ಬಲೆ ಎಲ್ಲಿ ಬೀಳಬೇಕು ಎಂದು ಹೇಳುವ ಯಜಮಾನರು. ನೀರಿನ ಬಣ್ಣ ನೋಡಿ ಕೆಳಗಿರುವ ಮೀನು ತಾರ್ಲೆಯೋ ಬಂಗಡೆಯೋ ಎಂದು ಹೇಳುತ್ತಿದ್ದವರು. ಮಂಡಿ ಕೈಕೊಟ್ಟ ಮೇಲೆ ದಡ ಸೇರಿದರು. ಅವರ ಹೆಂಡತಿ, ನನ್ನ ಅಕ್ಕ, ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿದ್ದವಳು. ಅಕ್ಕ ದರ ಕೂಗಿದರೆ ಸೇತುವೆಯ ಮೇಲೆ ಹೋಗುವ ಬಸ್ಸು ನಿಲ್ಲುತ್ತಿತ್ತು! ಮಾರಿ ಉಳಿದ ದನಿಯನ್ನು ಮನೆಗೆ ತಂದು ಭಾವನನ್ನು ಬೈಯಲು ಬಳಸುತ್ತಿದ್ದಳು. ಚಪ್ಪಲಿ ಅಡ್ಡ ಬಿಟ್ಟದ್ದಕ್ಕೆ, ಚಾ ಆರಿಸಿ ಕುಡಿದದ್ದಕ್ಕೆ, ಏನೂ ಮಾಡದೆ ಸುಮ್ಮನೆ ಕೂತದ್ದಕ್ಕೆ. ಭಾವ ಅವಳ ಬೈಗುಳಕ್ಕೆ ಖಾಯಂ ಗಿರಾಕಿ.

ಅಂಥ ಅಕ್ಕ ಮಳೆಗಾಲದ ಮೊದಲಲ್ಲಿ ಬುಟ್ಟಿಯ ಸಮೇತ ಮೆಟ್ಟಿಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಳು. ಆಪರೇಶನ್ ಆಯಿತು, ಎಲುಬು ಕೂಡಿತು. "ಇನ್ನು ನಡೀಬೇಕು, ಮಲಗೇ ಇದ್ರೆ ಕಾಲು ಹಿಡಿದುಬಿಡ್ತದೆ" ಎಂದರು ಡಾಕ್ಟರು. ಅಕ್ಕ ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕೇಳಿದ್ದಕ್ಕೆಲ್ಲ ಒಂದೇ ಉತ್ತರ: "ಬ್ಯಾಡ." ಬೈಗುಳವಿಲ್ಲದ ಮನೆ ನಮ್ಮದೇ ಎಂದು ನಮಗೇ ಗುರುತು ಹತ್ತದಂತಾಯಿತು. ಮಂಚದ ಬದಿಯ ವಾಕರ್ ಮೇಲೆ ನಾವು ಟವೆಲ್ ಒಣಗಿಸತೊಡಗಿದೆವು.

ಅದೇ ಹೊತ್ತಿಗೆ ಭಾವನಿಗೆ ಈ ಹುಚ್ಚು ಹಿಡಿದದ್ದು. ಕಸದಿಂದ ಹಕ್ಕಿ ಮಾಡಿ ತರಬೇಕೆಂದು ಶಾಲೆಯಲ್ಲಿ ನನ್ನ ಮಗಳಿಗೆ ಹೇಳಿದ್ದರು. ದೊಡ್ಡಪ್ಪ ಕೂತು ಮಾಡಿಕೊಟ್ಟರು. ಮಗಳ ಕೆಲಸ ಮುಗಿಯಿತು, ದೊಡ್ಡಪ್ಪನದು ಮುಗಿಯಲೇ ಇಲ್ಲ! ಹರಿದ ಚಪ್ಪಲಿ, ಮದುವೆ ಕಾರ್ಡು, ಎಣ್ಣೆ ಬಾಟಲಿ, ಹಲ್ಲುದುರಿದ ಬಾಚಣಿಗೆ ಎಲ್ಲವೂ ಜಗುಲಿಗೆ ಹೊರಟವು.

"ಅತ್ತಿಗೆ ಹಾಂಗೆ ಮಲಗಿದ್ದಾಳೆ, ಅಣ್ಣಂಗೆ ಇಲ್ಲಿ ಕತ್ರಿ ಆಟ" ಎಂದು ನನ್ನ ಗಂಡ ಗೊಣಗಿದರು. ನನಗೂ ಹಾಗೇ ಅನ್ನಿಸಿತ್ತು. ಅದರಲ್ಲೂ ಆ ಕೊಡೆಯ ದಿನ! ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಜಡಿಮಳೆಯಲ್ಲಿ ಕೊಡೆ ಬಿಡಿಸಿದರೆ, ಅದು ಬಾವಲಿಯಂತೆ ಜೋತುಬಿತ್ತು. ಪಕ್ಕದಲ್ಲಿದ್ದ ಹೆಂಗಸು, "ಹೊರಗಿಂತ ನಿಮ್ಮ ಕೊಡೆ ಒಳಗೇ ಮಳೆ ಜೋರದೆಯಲೇ!" ಎಂದಳು. ಒದ್ದೆಯಾಗಿ ಮನೆಗೆ ಬಂದರೆ ಕಿಟಕಿಯಲ್ಲಿ ಹಾಲಿನ ಪ್ಯಾಕೆಟ್ಟಿನ ಬೆಳ್ಳಕ್ಕಿಯೊಂದು ನನ್ನ ಕೊಡೆಕಡ್ಡಿಯ ಕಾಲಿನ ಮೇಲೆ ಠೀವಿಯಿಂದ ನಿಂತಿದೆ.

"ಇನ್ನೊಂದು ಕಾಲೆಲ್ಲಿ ಭಾವ?"

"ಎತ್ತಿಕೊಂಡು ನಿಂತದೆ. ನಿನ್ನ ಕೊಡೇಲಿ ಒಂದು ಕಡ್ಡಿಯಾದ್ರೂ ಉಳೀಲಿ ಹೇಳಿ."

ಇಂಥ ದಯಾಳುವನ್ನು ಬೈಯುವುದು ಹೇಗೆ? ಹೇಳಲೇಬೇಕು, ಆ ಕತ್ತಿನ ಬಾಗು, ಆ ಕೊಕ್ಕಿನ ಓರೆ ಎಷ್ಟು ಸರಿಯಾಗಿತ್ತೆಂದರೆ, ಕಾಗೆಯೊಂದು ಬಂದು ಅದರ ಜೊತೆ ಜಗಳಕ್ಕೆ ನಿಂತಿತು.

ಹಕ್ಕಿ ಮುಗಿದು ಮೀನಿಗೆ ಕೈ ಹಾಕಿದ ಮೇಲೆ ನಿಜವಾದ ಅನಾಹುತ ಶುರುವಾಯಿತು. ಬೆಳ್ಳಿಯಂತೆ ಹೊಳೆಯುವ ಮೈ ಬೇಕಲ್ಲ? ಅಕ್ಕನ ಗುಳಿಗೆ ಶೀಟುಗಳು ಕಣ್ಣಿಗೆ ಬಿದ್ದವು. ಗುಳಿಗೆಗಳನ್ನೆಲ್ಲ ಒತ್ತಿ ತೆಗೆದು, ಒಂದೇ ಡಬ್ಬಿಗೆ ಸುರಿದು, ಶೀಟು ಮಾತ್ರ ಒಯ್ದರು! ನೋವಿನದು ಯಾವುದು, ಶಕ್ತಿಯದು ಯಾವುದು, ಔಷಧಿ ಅಂಗಡಿಯವನಿಗೂ ತಿಳಿಯಲಿಲ್ಲ. ಎಲ್ಲ ಎಸೆದು ಹೊಸದು ತಂದೆವು. ನಾನು ಕೂಗಾಡುತ್ತಿದ್ದರೆ ಭಾವ ಮಾತ್ರ ಮೀನು ಹಿಡಿದು ಅಕ್ಕನ ಮಂಚದ ಹತ್ತಿರ ಹೋದರು.

"ಬಂಗಡೆ ನೋಡೇ."

ಅಕ್ಕ ಓರೆಗಣ್ಣಲ್ಲಿ ನೋಡಿದಳು. ಕೈ ಚಾಚಿದಳು. ಅಭ್ಯಾಸ ನೋಡಿ, ಹೆಬ್ಬೆರಳಲ್ಲಿ ಕಿವಿರು ಎತ್ತಿ ತಾಜಾ ಹೌದೋ ಅಲ್ಲವೋ ಎಂದು ಪರೀಕ್ಷಿಸಿದಳು!

"ಎಂತದಿದು? ಬಂಗಡೆಗೆ ಬೀಸಣಿಗೆ ಹಾಂಗೆ ಬಾಲ ಇರ್ತದನಾ? ಇಷ್ಟು ವರ್ಷ ಸಮುದ್ರಕ್ಕೆ ಹೋಗಿ ಎಂತ ಹಿಡೀತಿದ್ರಿ ನೀವು, ಕಪ್ಪೆಯನಾ?"

ನಾನು ಕೂಗಾಟ ನಿಲ್ಲಿಸಿದೆ. ಎಷ್ಟು ಕಾಲದ ಮೇಲೆ ಅಷ್ಟುದ್ದದ ಮಾತು!

ಆಮೇಲೆ ಭಾವನ ಮೀನುಗಳು ದಿನದಿಂದ ದಿನಕ್ಕೆ ಕೆಡುತ್ತಲೇ ಹೋದವು. ತಟ್ಟೆಯಂತೆ ದುಂಡಗಿರಬೇಕಾದ ಪಾಪ್ಲೆಟ್ಟು ಸೌತೆಕಾಯಿಯಷ್ಟು ಉದ್ದ! ತಾರ್ಲೆಗೆ ಮೀಸೆ! ಪಾಪ, ವಯಸ್ಸಾಯಿತು, ಮರೆವು ಎಂದು ನಾವು ಮರುಗಿದೆವು. ಅಕ್ಕ ಮರುಗಲಿಲ್ಲ. ಮೊದಲು ಮಲಗಿ ಬೈದಳು, ಆಮೇಲೆ ದಿಂಬಿಗೆ ಒರಗಿ ಬೈದಳು. ಕೊನೆಗೆ ಎದ್ದು ಕೂತು, "ತತ್ತಾ ಕತ್ರಿ" ಎಂದು ತಾನೇ ಬಾಲ ತಿದ್ದತೊಡಗಿದಳು. ನನ್ನ ಮಗಳು ಮೀನು ಕೊಳ್ಳಲು ಬಂದವಳಂತೆ ನಟಿಸಿ ಚೌಕಾಶಿ ಮಾಡಿದರೆ, "ಹೋಗೇ, ಬೇರೆ ಕಡೆ ತಗ" ಎಂದು ಗದರುತ್ತಿದ್ದಳು.

ಒಂದು ದಿನ ಭಾವ ಜಗುಲಿಯಲ್ಲಿ ಹಳೆಯ ಪ್ಲಾಸ್ಟಿಕ್ ಕೊಡದಿಂದ ಮಾಡಿದ ಇಸೋಣ ಮೀನು ತೂಗುಹಾಕಿ ಪಕ್ಕದ ಮನೆಯವರಿಗೆ ತೋರಿಸುತ್ತಿದ್ದರು. ಬೆನ್ನಿನ ರೆಕ್ಕೆ ಹೊಟ್ಟೆಯ ಕೆಳಗೆ, ಹಲ್ಲು ಹೊರಗೆ. "ಇದು ನಮ್ಮವಳೇ ಹೇಳಿ ಮಾಡಿಸಿದ್ದು" ಎಂದು ಗಟ್ಟಿಯಾಗಿ ಹೇಳುವುದೇ?

ಒಳಗಿನಿಂದ ಟಕ್, ಟಕ್ ಸದ್ದು. ವಾಕರ್! ಟವೆಲ್ಲೂ ಅದರ ಮೇಲೇ ಇತ್ತು. ಅಕ್ಕ ಬಾಗಿಲು ದಾಟಿ ಜಗುಲಿಗೆ ಬಂದು ನಿಂತಳು. "ಯಾರು ಹೇಳಿದ್ದು? ನಾನು ಹೇಳಿದ್ದಾ? ಊರ ಮುಂದೆ ನನ್ನ ಮರ್ಯಾದೆ ತೆಗೂಕೆ ಹೊರಟ್ರಾ?" ಸೇತುವೆಯ ಮೇಲೆ ಬಸ್ಸು ನಿಂತಿತೋ ಇಲ್ಲವೋ, ನಾವಂತೂ ನಿಂತೆವು. ಭಾವ ತಲೆ ತಗ್ಗಿಸಿ, ತಪ್ಪು ಮಾಡಿದವರಂತೆ ಎಲ್ಲ ಕೇಳಿಸಿಕೊಂಡರು.

ಮೊನ್ನೆ ಭಾವನ ಮಂಚದ ಕೆಳಗೆ ಗುಡಿಸುವಾಗ ಒಂದು ರಟ್ಟಿನ ಡಬ್ಬಿ ಸಿಕ್ಕಿತು. ಒಳಗೆ ಇನ್ನೊಂದು ಬಂಗಡೆ. ಕವಲು ಬಾಲ, ಬಾಲದ ಬುಡದಲ್ಲಿ ಬಾಚಣಿಗೆ ಹಲ್ಲಿನ ಪುಟ್ಟ ಪುಟ್ಟ ಗರಿ, ಬೆನ್ನಿನ ಮೇಲೆ ಕಪ್ಪು ಗೆರೆ. ಕೈಯಲ್ಲಿ ಹಿಡಿದರೆ ಜಾರಿಹೋಗುತ್ತದೇನೋ ಎನ್ನುವ ಹಾಗಿತ್ತು.

"ಭಾವ, ಇದು ಎಷ್ಟು ಸರಿ ಬಂದದೆ! ಅಕ್ಕಂಗೆ ತೋರಿಸ್ಲಿಲ್ವಾ?"

ಭಾವ ಆಗಷ್ಟೇ ಮುಗಿಸಿದ್ದ ಚಪ್ಪಲಿ ರಬ್ಬರಿನ ಏಡಿಯನ್ನು ತಿರುಗಿಸಿ ನೋಡುತ್ತಿದ್ದರು.

"ಮೊದ್ಲು ತೋರಿಸಿದ್ದು ಅದನ್ನೇ. 'ಚಲೋ ಅದೆ' ಹೇಳಿ ಗೋಡೆ ಕಡೆ ತಿರುಗಿದ್ಲು."

ನಾನು ಬಂಗಡೆಯನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಒಳಗಿನಿಂದ ಅಕ್ಕನ ದನಿ ಬಂತು: "ಎಂತ ಗುಸುಗುಸು ಅಲ್ಲಿ? ಆ ಏಡಿ ಆತನಾ ಇಲ್ವನಾ?"

"ಆತು, ಆತು!" ಎಂದರು ಭಾವ. ಕತ್ತರಿ ತೆಗೆದುಕೊಂಡು, ಚೆಂದವಾಗಿ ಕೂತಿದ್ದ ಏಡಿಯ ಒಂದು ಕಾಲನ್ನು ಕಚಕ್ಕನೆ ಕತ್ತರಿಸಿದರು.

"ತಗ, ಒಯ್ದು ತೋರಿಸು ಅವ್ಳಿಗೆ."