ಮಡಿಗೊಂದು ಸ್ವೆಟರು

ಆಫೀಸಿಗೆ ಹೋಗುವ ಹೆಂಗಸಿನಿಂದಲೂ ಶಾಸ್ತ್ರೋಕ್ತವಾಗಿ ಬೆಳಗನ್ನು ನಡೆಸಲು ಸಾಧ್ಯ ಎಂಬುದನ್ನು ಲೋಕಕ್ಕೆ ತೋರಿಸಿಕೊಡುವ ಹೊಣೆ ನನ್ನ ಮೇಲಿದೆ ಎಂದು ನಾನು ತೀರ್ಮಾನಿಸಿದ್ದು, ಉಡುಪಿ ಬಸ್ ನಿಲ್ದಾಣದಿಂದ ಕಾಪುವಿನ ಬಸ್ಸು ಹೊರಟ ಗಳಿಗೆಯಲ್ಲಿ. ಲೋಕ ಎಂದರೆ ನನ್ನ ಅತ್ತೆ. ಅವರು ಆ ಬಸ್ಸಿನ ಕಿಟಕಿಯಲ್ಲಿ ಕುಳಿತಿದ್ದರು. ನಾದಿನಿಯ ಬಾಣಂತನಕ್ಕೆ ಮೂರು ತಿಂಗಳ ಮಟ್ಟಿಗೆ ಹೊರಟಿದ್ದರು.

“ದೇವರ ಮುಂದೆ ಒಂದು ದೀಪ ಹಚ್ಚಿದರೆ ಸಾಕು ವಸುಧಾ. ಉಳಿದದ್ದೆಲ್ಲ ನಾನು ಬಂದ ಮೇಲೆ ನೋಡುವ,” ಎಂದರು ಅತ್ತೆ.

ಆ ಮಾತಿನಲ್ಲಿ ‘ನಿನ್ನಿಂದ ಆಗುವ ಕೆಲಸವಲ್ಲ’ ಎಂಬುದು ನನಗೆ ಕೇಳಿಸಿತು. ಅತ್ತೆ ಹಾಗೆ ಹೇಳಿರಲಿಲ್ಲ. ಆದರೂ ಕೇಳಿಸಿತು!

“ಇಲ್ಲ ಅತ್ತೆ, ನೀವು ಮಾಡುವ ಹಾಗೆಯೇ ಎಲ್ಲ ಮಾಡ್ತೇನೆ. ಮಡಿಯಲ್ಲೇ ಮಾಡ್ತೇನೆ,” ಎಂದು ಘೋಷಿಸಿಬಿಟ್ಟೆ. ಅತ್ತೆ ಏನೋ ಹೇಳಲು ಬಾಯಿ ತೆರೆದರು. ಬಸ್ಸು ಹೊರಟಿತು.

ಬರೀ ಹಟವಾಗಿತ್ತು ಎಂದರೆ ಸುಳ್ಳಾಗುತ್ತದೆ. ದೇವರ ಮುಂದೆ ನೆಮ್ಮದಿಯಾಗಿ ಒಂದಷ್ಟು ಹೊತ್ತು ಕೂರಬೇಕು ಎಂಬ ಆಸೆ ನನಗೆ ನಿಜವಾಗಿಯೂ ಇತ್ತು. ಕಡಿಯಾಳಿಯ ನಮ್ಮ ಮನೆಯಲ್ಲಿ ಬೆಳಗು ಎಂದರೆ ಉಕ್ಕಿದ ಹಾಲು, ಸಿಗದ ಕಾಲುಚೀಲ ಮತ್ತು ಮಣಿಪಾಲದ ಬಸ್ಸು. ಆ ಬಸ್ಸು ಕಣ್ಣೆದುರೇ ಹೊರಟಾಗ ‘ಅಯ್ಯೋ ಕೃಷ್ಣಾ’ ಎನ್ನುವುದೇ ನನ್ನ ಇಡೀ ದಿನದ ಪ್ರಾರ್ಥನೆಯಾಗಿತ್ತು. ಪೂಜೆ ನನ್ನ ಗಂಡನ ಖಾತೆ. ಅವರು ಅದನ್ನು ಗಡಿಬಿಡಿಯಲ್ಲಿ ಮುಗಿಸಿ ಕಾರ್ಕಳದ ಬಸ್ಸಿಗೆ ಓಡುತ್ತಿದ್ದರು. ನೈವೇದ್ಯದ ಅಡುಗೆ, ತುಳಸಿ, ಸ್ತೋತ್ರ, ಹೂವು, ಆರತಿ ಎಲ್ಲವೂ ಅತ್ತೆಯ ಖಾತೆ. ಈಗ ನನ್ನದು.

ಮಡಿ ಎಂದರೆ ಗೊತ್ತಲ್ಲ? ಸ್ನಾನ ಮಾಡಿ, ಹಿಂದಿನ ದಿನವೇ ಒಗೆದು ಎತ್ತರದ ಗಳದ ಮೇಲೆ ಒಣಗಿಸಿದ ಸೀರೆಯನ್ನು ಉಟ್ಟು, ದೇವರ ಕೆಲಸ ಮುಗಿಯುವವರೆಗೆ ಏನನ್ನೂ ಯಾರನ್ನೂ ಮುಟ್ಟದೆ ಇರುವುದು. ಮುಟ್ಟಿದರೆ ಮೈಲಿಗೆ, ಪುನಃ ಸ್ನಾನ. ಹೇಳಲು ಇಷ್ಟೇ.

ಮೊದಲ ದಿನ ಕೋಳಿಗಿಂತ ಮೊದಲೇ ಎದ್ದೆ. ಸ್ನಾನವಾಯಿತು. ಕೋಲಿನಿಂದ ಗಳದ ಮೇಲಿನ ಸೀರೆಯನ್ನು ಎತ್ತಿದೆ. ಅತ್ತೆ ಎತ್ತಿದರೆ ಸೀರೆ ವಿಧೇಯವಾಗಿ ಇಳಿದು ಅವರ ಕೈಗೆ ಬರುತ್ತಿತ್ತು. ನಾನು ಎತ್ತಿದಾಗ ಅದು ಹಾರಿ ಹೋಗಿ ಪಕ್ಕದ ಹಗ್ಗದಲ್ಲಿದ್ದ ಗಂಡನ ಬನಿಯನ್ನಿನ ಮೇಲೆ ಬಿತ್ತು. ಮೈಲಿಗೆ! ಇನ್ನೊಂದು ಸೀರೆ ಇತ್ತು, ಪುಣ್ಯ. ಅದನ್ನು ಉಟ್ಟು ಅಡುಗೆಮನೆಗೆ ಬಂದು ಒಲೆ ಹಚ್ಚಿ, ನೈವೇದ್ಯಕ್ಕೆ ಅಕ್ಕಿ ಇಟ್ಟು, ‘ನೋಡಿದಿರಾ ಅತ್ತೆ’ ಎಂದು ಮನಸ್ಸಿನಲ್ಲೇ ಕಾಪುವಿನ ಕಡೆಗೆ ಒಂದು ನಗೆ ಬೀರಿದೆ.

ಆಗ ಹಿಂದಿನಿಂದ ಎರಡು ಕೈಗಳು ಬಂದು ನನ್ನ ಸೊಂಟವನ್ನು ತಬ್ಬಿಕೊಂಡವು.

ನನ್ನ ಮಗ ಅನಿರುದ್ಧ, ನಮ್ಮ ಬಾಯಲ್ಲಿ ಅನಿ, ಆಗ ಯುಕೆಜಿ. ಹಾಸಿಗೆಯಿಂದ ಎದ್ದವನು ಅರ್ಧ ಕಣ್ಣು ಮುಚ್ಚಿಕೊಂಡೇ ನಡೆದು ಬಂದು, ನಾನು ಎಲ್ಲಿದ್ದರೂ ಅಲ್ಲಿ ನನ್ನನ್ನು ತಬ್ಬಿ ಎರಡು ನಿಮಿಷ ನಿಲ್ಲಬೇಕು. ಆಮೇಲೆಯೇ ಅವನಿಗೆ ಬೆಳಗಾಗುವುದು. ಅದು ಅವನ ನಿತ್ಯಕರ್ಮ. ನನ್ನ ಹೊಸ ನಿತ್ಯಕರ್ಮದಲ್ಲಿ ಅದಕ್ಕೆ ನಾನು ಜಾಗವನ್ನೇ ಇಟ್ಟಿರಲಿಲ್ಲ.

“ಅಯ್ಯೋ, ಮುಟ್ಟಿಬಿಟ್ಟೆಯಾ!” ಎಂದು ನಾನು ಕಿರುಚಿದ ರಭಸಕ್ಕೆ ಮಗು ಪೂರ್ತಿ ಎಚ್ಚರವಾಗಿ ಅಳಲು ಶುರುಮಾಡಿತು. ನಾನು ಎರಡನೆಯ ಸ್ನಾನಕ್ಕೆ ಹೋದೆ. ಅನ್ನ ತಳ ಹಿಡಿಯಿತು. ಆಫೀಸಿಗೆ ತಡವಾಯಿತು.

ಮರುದಿನದಿಂದ ಗಂಡನನ್ನು ಅಡುಗೆಮನೆಯ ಬಾಗಿಲಲ್ಲಿ ಗೋಲ್ ಕೀಪರ್ ಆಗಿ ನೇಮಿಸಿದೆ. ಅನಿ ಬಂದರೆ ಹಿಡಿಯಬೇಕು. ಅನಿ ಎಡಕ್ಕೆ ಬಂದರೆ ಇವರು ಬಲಕ್ಕೆ ಹಾರುತ್ತಿದ್ದರು! ಹಿಡಿದ ದಿನ ಅವನು ಅಳುತ್ತಿದ್ದ, ಹಿಡಿಯದ ದಿನ ನಾನು ಸ್ನಾನ ಮಾಡುತ್ತಿದ್ದೆ. ಅಂಗಿಯ ಗುಂಡಿ, ಟೈ, ಶೂ ಎಲ್ಲವೂ ಗಂಡನ ಪಾಲಿಗೆ ಬಂದವು. ನಾನು ದೂರ ನಿಂತು ಟ್ರಾಫಿಕ್ ಪೊಲೀಸಿನವರ ಹಾಗೆ ಕೈಯಾಡಿಸುತ್ತ, ಸ್ತೋತ್ರದ ಮಧ್ಯೆ ಸೂಚನೆಗಳನ್ನು ಸೇರಿಸಿ ಹಾಡುತ್ತಿದ್ದೆ. ಲಕ್ಷ್ಮೀರಮಣನ ಬೆನ್ನಿಗೇ ಮೇಲಿನ ಕಪಾಟಿನ ಕರ್ಚೀಫು ಬರುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ದೇವರ ಕೋಣೆಯಿಂದ ಗಂಡನ ಧ್ವನಿ ಕೇಳಿತು.

“ವಸುಧಾ, ಇವತ್ತು ದೇವರಿಗೆ ಎಂತ ವಿಶೇಷ ಉಂಟಾ?”

“ಯಾಕೆ? ಹೂವಿನ ಡಬ್ಬ ಇಟ್ಟಿದ್ದೇನಲ್ಲ!”

“ಡಬ್ಬ ಉಂಟು. ಒಳಗೆ ಬ್ರೆಡ್ಡು ಜಾಮು ಉಂಟು.”

ಎರಡೂ ಒಂದೇ ನಮೂನೆಯ ಸ್ಟೀಲು ಡಬ್ಬಗಳು. ಶಾಲೆಯ ರಿಕ್ಷಾ ಆಗಲೇ ಹೊರಟುಹೋಗಿತ್ತು. ಅಂದು ಯುಕೆಜಿಯ ಮಕ್ಕಳೆಲ್ಲ ದೋಸೆ, ಇಡ್ಲಿ ತಿನ್ನುತ್ತಿದ್ದಾಗ ನನ್ನ ಮಗ ದಾಸವಾಳವನ್ನು ಮುಂದಿಟ್ಟುಕೊಂಡು ಕುಳಿತಿದ್ದನಂತೆ. ಗ್ಲಾಡಿಸ್ ಟೀಚರು ತಮ್ಮ ಡಬ್ಬದಿಂದ ಅವನಿಗೆ ತಿನ್ನಿಸಿದರಂತೆ.

ಬೇರೆ ಯಾರಾದರೂ ಅಲ್ಲಿಗೇ ಸೋಲೊಪ್ಪಿಕೊಳ್ಳುತ್ತಿದ್ದರು. ನಾನು ಕಾಪುವಿಗೆ ಫೋನ್ ಮಾಡಿದೆ. ಸೋಲೊಪ್ಪಲು ಅಲ್ಲ, ಶಾಸ್ತ್ರದಲ್ಲಿ ದಾರಿ ಹುಡುಕಲು!

“ಅತ್ತೆ, ಎಲ್ಲ ಚೆನ್ನಾಗಿ ನಡೀತಾ ಉಂಟು,” ಎಂದು ಶುರುಮಾಡಿದೆ. “ಸುಮ್ಮನೆ ಕೇಳಿದ್ದು, ಮಡಿಯಲ್ಲಿರುವಾಗ ಮಗು ಬಂದು ಮುಟ್ಟಿದರೆ ಎಂತ ಮಾಡುದು?”

“ರೇಷ್ಮೆ ಪಟ್ಟೆಗೆ, ಉಣ್ಣೆಗೆಲ್ಲ ಮೈಲಿಗೆ ಇಲ್ಲ ಅಂತ ನಮ್ಮ ಅಮ್ಮ ಹೇಳ್ತಿದ್ದರು. ಮಗುವಿಗೆ ಒಂದು ಉಣ್ಣೆಯ ಧಾಬಳಿ ಸುತ್ತಿ ಎತ್ತಿಕೊಳ್ಳುದು. ಆದರೆ ವಸುಧಾ, ನೀನು ಅಷ್ಟೆಲ್ಲ...”

ಆಚೆ ಕೂಸು ಅತ್ತಿತು. ಅತ್ತೆ ಫೋನ್ ಇಟ್ಟರು. ಅವರ ‘ಆದರೆ’ಯ ಮುಂದೆ ಏನಿತ್ತು ಎಂದು ಕೇಳುವ ಅಗತ್ಯ ನನಗೆ ಕಾಣಲಿಲ್ಲ.

ಉಣ್ಣೆ! ನಮ್ಮ ಮನೆಯಲ್ಲಿ ಉಣ್ಣೆ ಇತ್ತು! ಹಿಂದಿನ ವರ್ಷ ಊಟಿಗೆ ಹೋದಾಗ ಅನಿಗೆಂದು ಕೊಂಡ ಕೆಂಪು ಸ್ವೆಟರು, ಎದೆಯ ಮೇಲೆ ಬಾತುಕೋಳಿ, ಜೊತೆಗೆ ಒಂದು ಮಂಕಿ ಕ್ಯಾಪು. ಉಡುಪಿಯಲ್ಲಿ ಸ್ವೆಟರಿಗೆ ಎಂಥ ಕೆಲಸ? ಅದು ಪೆಟ್ಟಿಗೆಯ ತಳದಲ್ಲಿ ನುಸಿಗುಳಿಗೆಯ ಜೊತೆ ಸಂಸಾರ ಮಾಡುತ್ತಿತ್ತು. ತೆಗೆದು ಕೊಡವಿದೆ. ನನ್ನ ಬುದ್ಧಿಯ ಬಗ್ಗೆ ನನಗೇ ಗೌರವ ಉಕ್ಕಿ ಬಂತು.

“ಅನಿ, ನಾಳೆಯಿಂದ ನೀನು ಇದನ್ನು ಹಾಕಿಕೊಂಡು ಮಲಗು. ಎದ್ದ ಕೂಡಲೇ ಅಮ್ಮನನ್ನು ಎಷ್ಟು ಬೇಕಾದರೂ ಹಿಡ್ಕೊಳ್ಳಬಹುದು!”

“ಬೈಯುದಿಲ್ಲವಾ?”

“ಇಲ್ಲ.”

“ಸ್ನಾನಕ್ಕೆ ಹೋಗುದಿಲ್ಲವಾ?”

“ಇಲ್ಲ ಮಾರಾಯ!”

ಆಗ ಮಾರ್ಚ್ ತಿಂಗಳು. ಕಡಲ ಕಡೆಯಿಂದ ಗಾಳಿಯೇ ಇಲ್ಲ. ಸುಮ್ಮನೆ ಕುಳಿತರೂ ಬೆವರು ಹರಿಯುವಂಥ ಸೆಖೆ. ಗಂಡ ಒಮ್ಮೆ ಸ್ವೆಟರನ್ನು, ಒಮ್ಮೆ ಫ್ಯಾನನ್ನು ನೋಡಿ, “ಮಗುವಿಗೆ ಸೆಖೆ ಆಗುದಿಲ್ಲವಾ ಮಾರಾಯ್ತಿ?” ಎಂದು ಕೇಳಿದರು. “ಬೆಳಗ್ಗಿನ ಹೊತ್ತು ತಂಪಿರುತ್ತದೆ,” ಎಂದು ತೀರ್ಪು ಕೊಟ್ಟೆ. ತಂಪು ಯಾವ ಊರಿನಲ್ಲಿ ಎಂದು ಅವರು ಕೇಳಲಿಲ್ಲ.

ವ್ಯವಸ್ಥೆ ಅದ್ಭುತವಾಗಿ ನಡೆಯಿತು. ಕೆಂಪು ಬಾತುಕೋಳಿಯೊಂದು ಬೆಳಿಗ್ಗೆ ಅಡುಗೆಮನೆಗೆ ಬಂದು ನನ್ನನ್ನು ತಬ್ಬಿ ನಿಲ್ಲುತ್ತಿತ್ತು. ಮಂಕಿ ಕ್ಯಾಪಿನೊಳಗಿನಿಂದ ಎರಡು ಕಣ್ಣು ಮಾತ್ರ ನಗುತ್ತಿದ್ದವು. ನಾನು ಸ್ತೋತ್ರ ಹೇಳುತ್ತ ಅವನ ಬೆನ್ನು ಸವರುತ್ತಿದ್ದೆ. ಕೈಯಲ್ಲಿ ಕೆಲಸ, ನಾಲಿಗೆಯಲ್ಲಿ ದೇವರು, ಮಗ್ಗುಲಲ್ಲಿ ಮಗ, ಎಲ್ಲವೂ ಮಡಿ! ಪಕ್ಕದ ಮನೆಯ ಸುಮತಿಯಕ್ಕನಿಗೆ ಬೇಲಿಯ ಮೇಲಿನಿಂದ ಇದನ್ನೆಲ್ಲ ವಿವರಿಸಿ, “ಮನಸ್ಸಿದ್ದರೆ ಆಗ್ತದೆ ಸುಮತಿಯಕ್ಕ, ಕೆಲಸಕ್ಕೆ ಹೋಗ್ತೇನೆ ಅಂತ ಆಚಾರ ಬಿಡುದು ಸರಿಯಲ್ಲ,” ಎಂದು ಉಪದೇಶವನ್ನೂ ಮಾಡಿದೆ. ಅವರು ಕೇಳಿಯೂ ಇರಲಿಲ್ಲ!

ಒಂದೇ ತೊಡಕು. ಶಾಲೆಯ ರಿಕ್ಷಾ ಬರುವ ಹೊತ್ತಿಗೆ ನಾನು ಅಂಗಳದ ತುಳಸಿಯ ಮುಂದೆ ಇರುತ್ತಿದ್ದೆ. ಹೋಗುವಾಗಲೂ ಒಮ್ಮೆ ತಬ್ಬಿಕೊಳ್ಳಲೇಬೇಕು ಎಂದು ಅನಿ ಹಟ ಹಿಡಿದ. ಹಾಗಾಗಿ ಯೂನಿಫಾರಮ್ಮಿನ ಮೇಲೆ ಪುನಃ ಸ್ವೆಟರು, ಕ್ಯಾಪು. “ರಿಕ್ಷಾ ಹತ್ತಿದ ಮೇಲೆ ತೆಗೆದು ಚೀಲಕ್ಕೆ ಹಾಕು, ಆಯ್ತಾ?” ಎನ್ನುತ್ತಿದ್ದೆ. ಅವನು ತಲೆಯಾಡಿಸುತ್ತಿದ್ದ. ತಲೆಯಾಡಿಸುವುದು ಒಪ್ಪಿಗೆ ಎಂದು ನಾನು ತಿಳಿದಿದ್ದೆ.

ಒಂದು ದಿನ ಮಧ್ಯಾಹ್ನಕ್ಕೆ ಮುಂಚೆ ಆಫೀಸಿಗೆ ಫೋನ್ ಬಂತು. ಗ್ಲಾಡಿಸ್ ಟೀಚರು.

“ನೀವು ಕೂಡಲೇ ಬರಬೇಕು. ಅನಿರುದ್ಧನಿಗೆ ತುಂಬ ಚಳಿ ಆಗ್ತಾ ಉಂಟು ಕಾಣ್ತದೆ. ಈ ವಾರ ಇಡೀ ಸ್ವೆಟರ್ ಹಾಕಿಯೇ ಕೂತ್ಕೊಳ್ತಾನೆ. ತೆಗೆಯುವ ಅಂದ್ರೆ ಗಟ್ಟಿ ಹಿಡ್ಕೊಳ್ತಾನೆ. ಇವತ್ತು ಮುಖ ಕೆಂಪಾಗಿದೆ, ಮೈ ಸುಡ್ತಾ ಉಂಟು. ಮಲೇರಿಯಾ ಇರಬಹುದಾ ಅಂತ ನಮಗೆ ಹೆದರಿಕೆ.”

ಮಲೇರಿಯಾ! ಚಳಿ ಮತ್ತು ಜ್ವರ ಎಂದರೆ ನಮ್ಮ ಕರಾವಳಿಯಲ್ಲಿ ಬೇರೆ ಯೋಚನೆಯೇ ಬರುವುದಿಲ್ಲ. ಆ ಕ್ಷಣ ನನಗೆ ಸ್ವೆಟರಿನ ಮೂಲ ನೆನಪಾಗಬೇಕಿತ್ತು. ಆಗಲಿಲ್ಲ. ತಾಯಿಯ ತಲೆಗೆ ಹೆದರಿಕೆ ಹೊಕ್ಕರೆ ಬುದ್ಧಿ ಹೊರಗೆ ಹೋಗುತ್ತದೆ. ಮನೆಯಲ್ಲಿ ಯಾರೂ ಇಲ್ಲವೆಂದು ಸುಮತಿಯಕ್ಕನಿಗೆ ಫೋನ್ ಮಾಡಿ, “ಅನಿಗೆ ಮಲೇರಿಯಾ ಅಂತೆ!” ಎಂದು ಅತ್ತುಬಿಟ್ಟೆ. ಮಣಿಪಾಲದಿಂದ ಇಳಿಯುವ ಬಸ್ಸಿನಲ್ಲಿ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಅಂದು ಮಾಡಿದಷ್ಟು ಏಕಾಗ್ರತೆಯ ಪ್ರಾರ್ಥನೆಯನ್ನು ಮಡಿಯಲ್ಲಿ ಒಂದು ದಿನವೂ ಮಾಡಿರಲಿಲ್ಲ.

ಅನಿಯನ್ನು ಕರೆದುಕೊಂಡು ನಮ್ಮ ಮಾಮೂಲಿ ಡಾಕ್ಟರರ ಕ್ಲಿನಿಕ್ಕಿಗೆ ಓಡಿದೆ. ನಮ್ಮ ಸರದಿ ಬರುವಷ್ಟರಲ್ಲಿ ಬಾಗಿಲಲ್ಲಿ ಅತ್ತೆ! ಸುಮತಿಯಕ್ಕ ಕಾಪುವಿಗೂ ಸುದ್ದಿ ಮುಟ್ಟಿಸಿದ್ದರು. ಅತ್ತೆ ಸಿಕ್ಕಿದ ಬಸ್ಸು ಹತ್ತಿ, ಕೈಯಲ್ಲೊಂದು ಕಷಾಯದ ಬಾಟಲಿ ಹಿಡಿದು ಬಂದಿದ್ದರು. “ಎಂತಾಯ್ತು ನನ್ನ ಕೂಸಿಗೆ?” ಎನ್ನುತ್ತ ಒಳಗೆ ನುಗ್ಗಿದರು.

ಡಾಕ್ಟರು ವಯಸ್ಸಾದವರು, ನಿಧಾನದವರು. ಅನಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಮರಿ, ಚಳಿ ಆಗ್ತದಾ?”

“ಇಲ್ಲ. ಸೆಖೆ ಆಗ್ತದೆ.”

“ಮತ್ತೆ ಈ ಸ್ವೆಟರ್ ಯಾಕೆ ಹಾಕಿದ್ದು?”

“ಇದು ಹಾಕದಿದ್ದರೆ ಅಮ್ಮ ನನ್ನನ್ನು ಮುಟ್ಟುದಿಲ್ಲ.”

ಡಾಕ್ಟರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಅತ್ತೆ ನೋಡಿದರು. ಕಂಪೌಂಡರ್ ಬಾಗಿಲಿನ ಸಂದಿನಿಂದ ನೋಡಿದ. ನನಗೆ ನಾಚಿಕೆಯಾಗಿ ಕಣ್ಣು ತುಂಬಿತು. ಆ ಸುಡುಸೆಖೆಯಲ್ಲಿ ಮಗು ಇಡೀ ದಿನ ಅದನ್ನು ಬಿಚ್ಚದೆ ಕುಳಿತದ್ದು, ಬಿಚ್ಚಿದರೆ ಅಮ್ಮ ಸಿಗುವುದಿಲ್ಲ ಎಂಬ ಹೆದರಿಕೆಗೆ.

ಡಾಕ್ಟರು ಸ್ವೆಟರು ಬಿಚ್ಚಿದರು. ಒಳಗೆ ಅಂಗಿ ಹಿಂಡುವಷ್ಟು ಒದ್ದೆ, ಕತ್ತಿನ ತುಂಬ ಬೆವರುಸಾಲೆ. ನೀರು ಕುಡಿಸಿ ಫ್ಯಾನಿನ ಕೆಳಗೆ ಕೂರಿಸಿದರು. ಸ್ವಲ್ಪ ಹೊತ್ತಿಗೆ ಜ್ವರವೂ ಇಲ್ಲ, ಮಲೇರಿಯಾವೂ ಇಲ್ಲ. “ಮದ್ದು ಮಗುವಿಗಲ್ಲ ಬೇಕಾದ್ದು,” ಎಂದು ಡಾಕ್ಟರು ಕೈ ತೊಳೆಯಲು ಎದ್ದರು.

ನಾನು ಮೆಲ್ಲಗೆ ಅತ್ತೆಗೆ ಎಲ್ಲವನ್ನೂ ವಿವರಿಸಿದೆ. “ನೀವೇ ಹೇಳಿದ್ದಲ್ವಾ ಅತ್ತೆ, ಉಣ್ಣೆಗೆ ಮೈಲಿಗೆ ಇಲ್ಲ ಅಂತ...”

ಅತ್ತೆ ಸ್ವೆಟರನ್ನು ಎತ್ತಿಕೊಂಡರು. ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿದರು. ಕತ್ತಿನ ಬಳಿಯ ಚೀಟಿಯನ್ನು ತಿರುಗಿಸಿ ಡಾಕ್ಟರರಿಗೆ ತೋರಿಸಿ, “ಇದೆಂತ ಬರೆದದ್ದು, ಸ್ವಲ್ಪ ಓದಿ,” ಎಂದರು.

“ಅಕ್ರಿಲಿಕ್,” ಎಂದು ಡಾಕ್ಟರು ಓದಿದರು. “ಒಂಥರಾ ಪ್ಲಾಸ್ಟಿಕ್ಕೇ.”

“ಇದು ಉಣ್ಣೆಯೇ ಅಲ್ಲ ಮಾರಾಯ್ತಿ!” ಎಂದರು ಅತ್ತೆ.

ಅಂದರೆ ಇಷ್ಟು ದಿನವೂ ನಾನು ಬೆಳಿಗ್ಗೆ ಬೆಳಿಗ್ಗೆ ಮೈಲಿಗೆಯಾಗುತ್ತಲೇ ಇದ್ದೆ! ಆ ಮೈಲಿಗೆಯಲ್ಲೇ ಅನ್ನ ಬೇಯಿಸಿದ್ದೆ, ಸ್ತೋತ್ರ ಹೇಳಿದ್ದೆ, ಸುಮತಿಯಕ್ಕನಿಗೆ ಉಪದೇಶ ಮಾಡಿದ್ದೆ. ದೇವರು ಒಂದು ಮಾತೂ ಆಡದೆ ಎಲ್ಲವನ್ನೂ ಸ್ವೀಕರಿಸಿದ್ದ. ಬಹುಶಃ ಬ್ರೆಡ್ಡು ಜಾಮಿನ ಅನುಭವದ ನಂತರ ಅವನಿಗೆ ಇದು ದೊಡ್ಡದೆನಿಸಿರಲಿಕ್ಕಿಲ್ಲ.

ಅತ್ತೆ ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ಸೆರಗನ್ನು ಬಾಯಿಗೊತ್ತಿಕೊಂಡು ನಗುತ್ತಿದ್ದರು.

“ಅವತ್ತು ಫೋನಿನಲ್ಲಿ ಆ ಕೂಸು ಪೂರ್ತಿ ಹೇಳಲಿಕ್ಕೆ ಬಿಟ್ಟಿದ್ದರೆ ಅಲ್ವಾ? ನಿನ್ನ ಗಂಡ ಇಷ್ಟೇ ಇರುವಾಗ ನಾನು ಬೆಳಿಗ್ಗೆ ದೀಪ ಹಚ್ಚಿ ಕೈಮುಗಿದು ಬಿಡ್ತಿದ್ದೆ. ಅವನು ಶಾಲೆಗೆ ಹೋದ ಮೇಲೆಯೇ ಮಡಿ ಉಡ್ತಿದ್ದದ್ದು. ಮಗುವನ್ನು ದೂರ ನಿಲ್ಲಿಸಿ ಯಾವ ದೇವರನ್ನು ಹತ್ತಿರ ಮಾಡುದು?”

ಅದನ್ನೇ ಬಸ್ಸು ನಿಲ್ದಾಣದಲ್ಲಿ ಹೇಳಲು ಹೊರಟಿದ್ದರೇನೋ. ಕೇಳುವ ಧೈರ್ಯ ನನಗಾಗಲಿಲ್ಲ.

ಅತ್ತೆ ಸಂಜೆಯ ಬಸ್ಸಿಗೆ ಕಾಪುವಿಗೆ ಮರಳಿದರು. ಸ್ವೆಟರು ಅವರ ಚೀಲದಲ್ಲೇ ಹೋಯಿತು. ನನ್ನ ಕೈಗೆ ಸಿಗುವಲ್ಲಿ ಅದನ್ನು ಬಿಡಲು ಅವರಿಗೆ ಮನಸ್ಸಾಗಲಿಲ್ಲ ಎಂದು ಕಾಣುತ್ತದೆ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಸಾಧಾರಣ ಸೀರೆ ಉಟ್ಟು ದೀಪ ಹಚ್ಚಿದೆ. ದೇವರ ಮುಂದೆ ಸುಮ್ಮನೆ ಕುಳಿತೆ. ಬಹಳ ದಿನಗಳ ನಂತರ ಮನಸ್ಸು ಹಗುರವಾಗಿತ್ತು. ಕಣ್ಣುಜ್ಜುತ್ತ ಅನಿ ಬಂದ, ಬರೀ ಚಡ್ಡಿ ಬನಿಯನ್ನಿನಲ್ಲಿ. ಬಾಗಿಲಲ್ಲೇ ನಿಂತು ನನ್ನನ್ನೇ ನೋಡಿದ.

“ಬಾ ಮಗಾ,” ಎಂದು ಎರಡೂ ಕೈ ಚಾಚಿದೆ. “ಇನ್ನು ಮಡಿ ಇಲ್ಲ, ಗಿಡಿ ಇಲ್ಲ. ಬಂದು ತೊಡೆಯ ಮೇಲೆ ಕೂತ್ಕೋ. ಎಷ್ಟು ಹೊತ್ತು ಬೇಕಾದರೂ ಅಮ್ಮನನ್ನು ಹಿಡ್ಕೋ!”

ಅನಿ ಒಂದು ಹೆಜ್ಜೆ ಮುಂದಿಟ್ಟ. ದೀಪವನ್ನು ನೋಡಿದ, ನನ್ನನ್ನು ನೋಡಿದ, ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದ. ಆಮೇಲೆ ಅದರ ನೇರ ಕೆಳಗೆ, ನನ್ನಿಂದ ಒಂದು ಮಾರು ದೂರದಲ್ಲಿ, ತಣ್ಣಗಿನ ನೆಲದ ಮೇಲೆ ಕೈಕಾಲು ಚಾಚಿ ಮಲಗಿಬಿಟ್ಟ.

“ಬೇಡಮ್ಮ,” ಎಂದ. “ಸೆಖೆ.”